ಐನೂರು ಅಕ್ಷರಗಳೊಳಗೆ

ಕೋಡಿಬಾಗದ ರೋಹಿದಾಸ ಮಾಮನ ಅಂಗಡಿಯಲ್ಲಿ
ಜೆರಾಕ್ಸ್ ಯಂತ್ರದ ಬಿಸಿಗೆ ಬೆನ್ನು ಕೊಟ್ಟು ಕೂತಿದ್ದೇನೆ.
ಹೆಸರು ಪ್ರಣಾಲಿ ದುರ್ಗೇಕರ, ಅಲ್ಲಿಗೆ ತೊಂದರೆಯಿಲ್ಲ.
ತೊಂದರೆ ಹದಿನೇಳನೆಯ ಕಲಮು:
‘ಹಿಂದಿನ ಪರೀಕ್ಷೆಗಳಲ್ಲಿ ಅಂಕ ಕಡಿಮೆಯಿದ್ದಲ್ಲಿ
ಕಾರಣ ತಿಳಿಸಿ, ಐನೂರು ಅಕ್ಷರ ಮೀರದಂತೆ.’
ಖಾಲಿ ಜಾಗವೂ ಒಂದು ಅಕ್ಷರವಂತೆ.
ನಡುವೆ ಉಸಿರು ತಗೊಂಡರೂ ಲೆಕ್ಕಕ್ಕೆ.

ಮೇಲಿನ ಸಾಲುಗಳಲ್ಲಿ ನಾನು ಆಗಲೇ ಕೂತಾಗಿದೆ,
ಒಬ್ಬಳೇ, ಆದರೆ ನಾಲ್ಕು ಜನರ ಹಾಗೆ:
ಹತ್ತನೆಯ ಗಣಿತದಲ್ಲಿ ಮೂವತ್ತೆಂಟು,
ಅದೇ ವಾರ ಕನ್ನಡದಲ್ಲಿ ನೂರಾ ಹದಿನೆಂಟು,
ಮೊದಲ ಪಿಯುಸಿ ಭೌತಶಾಸ್ತ್ರ ಇಪ್ಪತ್ತೊಂಬತ್ತು, ಪಕ್ಕದಲ್ಲೊಂದು ಚುಕ್ಕಿ,
ಎರಡನೆಯದರಲ್ಲಿ ಜೀವಶಾಸ್ತ್ರ ತೊಂಬತ್ತೇಳು.
ಈ ಹುಡುಗಿಯರು ಒಬ್ಬರನ್ನೊಬ್ಬರು ಕಂಡವರಲ್ಲ.
ನೂರಕ್ಕೆ ಮೂವರನ್ನು ಆರಿಸುವ ಕಡೆ
ನಾಲ್ವರು ಒಂದೇ ಸೀಟು ಕೇಳುತ್ತಿದ್ದಾರೆ.

ಕಾರಣ ಕೊಡಲು ಊರಿಗೆ ಊರೇ ಸಿದ್ಧ.
“ಟೈಫಾಯ್ಡ್ ಅಂತ ಬರಿ,” ಫೋನಿನಲ್ಲಿ ರೆಬೆಲ್ಲೊ ಟೀಚರು,
“ಟೈಫಾಯ್ಡ್ ಅಂದರೆ ಯಾರೂ ಹೆಚ್ಚು ಕೇಳೋದಿಲ್ಲ.”
ಪಪ್ಪ ಬೈತಖೋಲದಿಂದ, ಯಾರದೋ ಬೋಟಿನ ಇಂಜಿನ್ ಸದ್ದಿನ ಮೇಲೆ:
“ಏನು ಬೇಕಾದರೂ ಬರಿ, ಬಡತನ ಒಂದು ಬರೀಬೇಡ.”
ಮಾವಶಿ ತನ್ನ ಗಂಡನ ಸಾವನ್ನೇ ಕೊಡಲು ಬಂದಳು:
“ತಗೋ, ನನಗೇನೂ ಉಪಯೋಗಕ್ಕೆ ಬರಲಿಲ್ಲ ಅದು.”

ಆ ವರ್ಷ ಯಾರೂ ಸಾಯಲಿಲ್ಲ.
ಜ್ವರ ಬರಲಿಲ್ಲ. ಮನೆಯಲ್ಲಿ ದೀಪವಿತ್ತು, ಮೇಜಿತ್ತು,
ಮೇಜಿನ ಮೇಲೆ ತೆರೆಯದ ಪುಸ್ತಕವಿತ್ತು.
ಬೆಳಗಿನ ಇಳಿತಕ್ಕೆ ಕಾಳಿ ನದಿ
ತನ್ನ ಕೆಸರನ್ನೆಲ್ಲ ಬಿಚ್ಚಿ ತೋರಿಸುತ್ತಿತ್ತು.
ಕಾಲೇಜಿನ ಮೊದಲ ಗಂಟೆಯೂ ಅದೇ ಹೊತ್ತಿಗೆ.
ತಿಸ್ರೆ ಹೆಕ್ಕುವ ಹೆಂಗಸರ ಹಿಂದೆ ಹೋದೆ,
ಹೆಕ್ಕಲಿಕ್ಕಲ್ಲ,
ಚಿಪ್ಪಿನ ಮೇಲಿನ ಗೆರೆ ಎಣಿಸುತ್ತ ಕೂರಲಿಕ್ಕೆ.
“ಸಂಶೋಧನೆಯಲ್ಲಿ ಆಸಕ್ತಿ ಅಂತ ಹಾಕು,” ಮಾಮ ಥಟ್ಟನೆ ತಿರುಗಿದ.
ಹಾಕಬಹುದು.
ಆದರೆ ಎಷ್ಟೋ ದಿನ ನಾನು ಎಣಿಸಲೂ ಇಲ್ಲ ಮಾಮಾ,
ಸುಮ್ಮನೆ ಕೂತಿದ್ದೆ, ಮೊಣಕಾಲಿಗೆ ನೀರು ಬರುವವರೆಗೆ.

ಪೂರಕ ಪರೀಕ್ಷೆಗೆ ಹನ್ನೊಂದು ಜನ.
ನನ್ನ ಬೆಂಚು ಅಲುಗುತ್ತಿತ್ತು.
ಮೇಲ್ವಿಚಾರಕರು ಮಾತಾಡದೆ
ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಎಂಟು ಮಡಿಕೆ ಮಾಡಿ
ಅದರ ಕಾಲಡಿಗೆ ಇಟ್ಟರು.
ಬಹುಶಃ ನಾನು ಫೇಲಾದ ಪತ್ರಿಕೆಯೇ.
ಆ ಬೆಂಚಿನಲ್ಲಿ ಐವತ್ತೆರಡು ಬಂತು.
ತೊಂಬತ್ತೇಳು ನನಗೆ ಸಿಕ್ಕಿದ್ದು; ಐವತ್ತೆರಡು ದುಡಿದದ್ದು.
ಅದಕ್ಕೆ ಫಾರ್ಮಿನಲ್ಲಿ ಜಾಗವಿಲ್ಲ.
ಮೊದಲ ಪ್ರಯತ್ನದ ಅಂಕ ಮಾತ್ರ ಎಂದಿದೆ.

ಒಳಗೊಳಗೇ ಕೊಂಕಣಿಯಲ್ಲಿ ಹೇಳಿಕೊಂಡೆ,
ನೋಟ್‌ಬುಕ್ಕಿನ ಹಿಂಬದಿಗೆ ಕನ್ನಡದಲ್ಲಿ ಬರೆದೆ.
ಇಂಗ್ಲಿಷಿಗೆ ದಾಟಿಸುವಾಗ ತಿಸ್ರೆ ಯಾವುದೋ ಚಿಪ್ಪುಮೀನಾಯಿತು,
ಇಳಿತ ‘ವೈಯಕ್ತಿಕ ಕಾರಣ’ ಆಗಹೊರಟಿತು. ಅಳಿಸಿದೆ.
ಮತ್ತೆ ಬರೆದೆ. ಉಳಿದದ್ದು ಇಷ್ಟು:
ಆ ವರ್ಷ ನಾನು ಓದಲಿಲ್ಲ. ಯಾಕೆಂದು ಪೂರ್ತಿ ಗೊತ್ತಿಲ್ಲ.
ಅಳಿವೆಯಲ್ಲಿ ಕೂತಿರುತ್ತಿದ್ದೆ. ಆಮೇಲೆ ಓದಿದೆ.
ಪೂರಕ ಪರೀಕ್ಷೆಯಲ್ಲಿ ಐವತ್ತೆರಡು. ನೀವು ಕೇಳಿಲ್ಲ, ಆದರೂ.

“ಇನ್ನೂ ಮುಕ್ಕಾಲು ಖಾಲಿ ಇದೆಯಲ್ಲೇ,” ಮಾಮನ ಕಳವಳ,
“ಇಷ್ಟೇ ಬರೆದರೆ ಸೊಕ್ಕು ಅಂದ್ಕೊಳ್ತಾರೆ.”
ಹೊರಗೆ ಗೋವೆಯ ಕಡೆಗೊಂದು ಮೀನಿನ ಲಾರಿ
ರಸ್ತೆಯುದ್ದ ಐಸಿನ ನೀರು ಸುರಿಸುತ್ತ ಹೋಯಿತು.
ಕರೆಂಟು ಒಮ್ಮೆ ಮಿಟುಕಿತು.
ಒತ್ತಿಬಿಟ್ಟೆ.

ಅರ್ಜಿಗೆ ಐವತ್ತು, ಪ್ರಿಂಟಿಗೆ ಹತ್ತು.
ಹಾಳೆ ಬಿಸಿ ಬಿಸಿಯಾಗಿಯೇ ಕೈಗೆ ಬಂತು.
“ಮಡಚಬೇಡ, ಫೈಲ್ ಕೊಡ್ತೇನೆ ತಡಿ,” ಅಂದ ಮಾಮ.
ಅಷ್ಟರಲ್ಲಿ ಮಡಚಿಯಾಗಿತ್ತು.