ಶೇಷ

ಇಲ್ಲಿ ಜುಲೈ ಅಂದರೆ ನಟ್ಟನಡು ಚಳಿಗಾಲ.
ಒಂಬತ್ತು ಹೊಡೆದರೂ ಕಿಟಕಿಯಲ್ಲಿ ಬೂದಿ ಬಣ್ಣ.
ಫಾಕ್‌ಲ್ಯಾಂಡಿನ ಪಡುವಣ ದ್ವೀಪದ ಈ ತುದಿಗೆ
ನೆರೆಮನೆಯೆಂದರೆ ಹದಿನೆಂಟು ಮೈಲಿ, ನಡುವೆ ಏಳು ಗೇಟು;
ಶಾಲೆಯೆಂದರೆ ನಮ್ಮ ಅಡುಗೆಮನೆಯ ಮೇಜು,
ಅದರ ಒಂದು ಕಾಲಿಗೆ ಮಡಚಿಟ್ಟ ರಟ್ಟು.

ಒಲೆಗೆ ಪೀಟ್ ಹೆಂಟೆ ತುಂಬಿ ಕೈ ಒರೆಸುವಷ್ಟರಲ್ಲಿ
ಫೋನು ಬಡಿದುಕೊಳ್ಳುತ್ತದೆ.
ಸ್ಟ್ಯಾನ್ಲಿಯಿಂದ ಮಿಸೆಸ್ ಹಾರ್ಕಿನ್:
ಅರ್ಧ ದನಿ ಅವರದು, ಅರ್ಧ ಗಾಳಿಯದು.
ಮೊರ್ವೆನ್‌ಗೆ ಭಾಗಾಕಾರ, ಕ್ಯಾಲಮ್‌ಗೆ ಕಾಗುಣಿತ.
ಮೇಜಿನ ಕೆಳಗೆ ಡೂಗಲ್,
ಮೂರು ವರ್ಷ, ಮೇಲೊಂದಿಷ್ಟು ತಿಂಗಳು,
ಯಾವ ತರಗತಿಗೂ ಸೇರದವನು,
ಎಲ್ಲ ತರಗತಿಗೂ ಹಾಜರಾಗುವವನು.

ಮೊದಲು ಕೊಟ್ಟದ್ದು ಗುಂಡಿಗಳ ಡಬ್ಬಿ.
ಅಜ್ಜಿಯ ಕೋಟಿನವು, ಹರಿದ ಅಂಗಿಗಳವು,
ಎರಡು ತೂತಿನವು ಇತ್ತ, ನಾಲ್ಕರವು ಅತ್ತ.
ಹತ್ತು ನಿಮಿಷ ಸ್ವರ್ಗ.
ಹನ್ನೊಂದನೆಯದಕ್ಕೆ ಒಂದು ಗುಂಡಿ
ಮೂಗಿನ ಬಾಗಿಲಲ್ಲಿತ್ತು.

ಆಮೇಲೆ ಬೋಗುಣಿ, ನೀರು, ಜರಡಿ.
"ಜರಡಿ ತುಂಬ ನೀರು ತುಂಬು, ನೋಡೋಣ" ಎಂದೆ.
ಮೋಸವೇ ಇದು, ಗೊತ್ತು.
ಅವನೇನೂ ಸೋಲಲಿಲ್ಲ. ನೆಲ ತುಂಬಿತು.

ಆಮೇಲೆ ಹಿಟ್ಟಿನ ಮುದ್ದೆ. ಕುರಿ ಮಾಡಿದ.
ಕುರಿಗೆ ಎಂಟು ಕಾಲು.
ಯಾಕಪ್ಪ ಇಷ್ಟೊಂದು ಅಂದರೆ,
"ಓಡ್ತಾ ಇದೆಯಲ್ಲ."

ಆರು ವಾರಕ್ಕೊಮ್ಮೆ ಬರುವ ಪ್ರವಾಸಿ ಮೇಷ್ಟ್ರು,
ಮೀಸೆ ಈಗಷ್ಟೇ ಮೂಡಿದ ಹುಡುಗ,
ಹೋಗುವಾಗ ಚೀಟಿ ಬರೆದಿಟ್ಟಿದ್ದ:
ಚಿಕ್ಕವನನ್ನೂ ಪಾಠದಲ್ಲಿ ಸೇರಿಸಿಕೊಳ್ಳಿ.
ಆ ಚೀಟಿಯನ್ನು ಡೂಗಲ್ ಸೇರಿಸಿಕೊಂಡ,
ಚೆನ್ನಾಗಿ ಅಗಿದು.

"ಅಮ್ಮಾ, ಶೇಷ ಮೂರು ಬಂತು. ಏನು ಮಾಡಲಿ?"
ಪಕ್ಕದಲ್ಲಿ ಬರೆದಿಡು.
"ಬರೆದಿಟ್ಟು?"
ಬರೆದಿಟ್ಟು ಅಷ್ಟೇ. ಮುಂದಿನ ಲೆಕ್ಕ ಮಾಡು.

ಹೇಳಿದವಳಿಗೇ ನಾಲಗೆಯ ಮೇಲೆ ಏನೋ ಒಗರು.
ಆಗ ಕೇಳಿಸಿತು
ಏನೂ ಕೇಳಿಸದೆ ಇರುವುದು.
ಮೂರು ವರ್ಷದವನಿರುವ ಮನೆಯಲ್ಲಿ
ಮೌನವೆಂದರೆ ಸೀದ ವಾಸನೆ.

ಹಿಂಬಾಗಿಲಲ್ಲಿ, ಬೂಟುಗಳ ಸಾಲಿನ ಮುಂದೆ
ಕುಕ್ಕರುಗಾಲಲ್ಲಿ ಕೂತಿದ್ದ.
ಪಕ್ಕದಲ್ಲಿ ಬರಿದಾದ ಬುಟ್ಟಿ.
ಈ ಚಳಿಯಲ್ಲಿ ಕೋಳಿಗಳು ಲೋಭಿಗಳು,
ವಾರವಿಡೀ ಕೂಡಿಟ್ಟ ಹನ್ನೆರಡು ಮೊಟ್ಟೆ ಅದರಲ್ಲಿದ್ದವು.
ನನ್ನ ಬೂಟಿಗೆ ಒಂದೊಂದು, ಅಕ್ಕನದಕ್ಕೆ ಒಂದೊಂದು,
ಅಣ್ಣನದಕ್ಕೆ, ತನ್ನ ಪುಟಾಣಿ ಕೆಂಪಿನವಕ್ಕೆ.
ಕೊನೆಯಲ್ಲಿ, ಬೂಟಿಲ್ಲದ ಖಾಲಿ ಚಾಪೆಯ ಮೇಲೆ
ಒಂದಡಿ ಅಂತರ ಬಿಟ್ಟು ಎರಡು.
"ಅಪ್ಪನ ಬೂಟು ಕುರಿ ಹುಡುಕಕ್ಕೆ ಹೋಗಿದೆ."

ಹನ್ನೊಂದನೆಯದು ಕಲ್ಲಿನ ಮೇಲೆ ಹಳದಿ.
"ಅದು ಗಾಳಿಗೆ."

ಮತ್ತೆ ಇದು?
ಜರ್ಸಿಯೊಳಗೆ, ಹೊಟ್ಟೆಗೊತ್ತಿ,
ಎರಡೂ ಕೈಯಲ್ಲಿ ಅವಚಿಕೊಂಡಿದ್ದ.
"ಇದು ಉಳೀತು," ಅಂದ,
"ಇದಕ್ಕೆ ಚಳಿ."

ಒಳಗೆ ಫೋನು ಹಲೋ ಹಲೋ ಅನ್ನುತ್ತಿತ್ತು.
ನಾನು ಆ ತಣ್ಣನೆ ನೆಲದ ಮೇಲೆ ಕೂತೆ,
ಕೈಯೊಡ್ಡಿದೆ. ಕೊಡಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು
ಮೊಟ್ಟೆ ಸಮೇತ ಬಂದು ತೊಡೆಯೇರಿದ.
ಮೊರ್ವೆನ್ ಫೋನಿಗೆ ಹೇಳುವುದು ಕೇಳಿಸಿತು:
"ಅಮ್ಮ ಬೂಟಿನ ಹತ್ತಿರ ಇದ್ದಾಳೆ, ಮಿಸ್.
ಇಲ್ಲ, ಹೊರಗೆ ಹೊರಟಿಲ್ಲ. ಸುಮ್ಮನೆ ಕೂತಿದ್ದಾಳೆ."

ಕತ್ತಲಾದ ಮೇಲೆ ರಾಡ್ರಿ ಬಂದ,
ಗಡ್ಡದ ತುಂಬ ಮಂಜು.
ಬೂಟು ಬಿಚ್ಚಿಡಲು ಬಾಗಿದವನು
ಚಾಪೆಯಿಂದ ಎರಡು ಮೊಟ್ಟೆ ಎತ್ತಿ ಹಿಡಿದು
"ಪಾಠ ಎಲ್ಲಿಗೆ ಬಂತು?" ಅಂದ.

ಒಲೆಯ ಕಟ್ಟೆಯ ಮೇಲೆ
ಎಂಟು ಕಾಲಿನ ಕುರಿ
ಒಣಗುತ್ತಿತ್ತು, ಓಡುತ್ತಲೇ.