ನಲವತ್ತೊಂದು ಮೊಳೆ

ಅಪ್ಪ ಕಿತ್ತದ್ದು ತಾನೇ ಹೊಡೆದ ಮೊಳೆಗಳನ್ನು.
ಬೇರೆಯವರು ಕಿತ್ತರೆ ಮರ ಸೀಳುತ್ತದೆಂದು
ಮುಂದೆ ಬಂದನಂತೆ, ಯಾರೂ ಕರೆಯದೆ.
ಊರಲ್ಲಿ ಕೆಲವರು ಇದನ್ನು ಇವತ್ತಿಗೂ ಕ್ಷಮಿಸಿಲ್ಲ.

ಶಿಲುಬೆ ಎಷ್ಟೆತ್ತರವಿತ್ತು ಎಂಬುದರಲ್ಲೇ ನಮಗೆ ಜಗಳ.
ಅಣ್ಣ ವಾನ್ ಹ್ಮುಂಗ್ ಮೂವತ್ತು ಮೊಳ ಅನ್ನುತ್ತಾನೆ,
ಕುಳ್ಳನಿಗೆ ಆಗ ಎಲ್ಲವೂ ಎತ್ತರ.
ಅವ್ವ ಹದಿನಾರಕ್ಕೆ ಒಂದು ಗೇಣೂ ಏರುವುದಿಲ್ಲ.
ಚಳಿಗಾಲದ ಸಂಜೆ ಅದರ ನೆರಳಿನ ತುದಿ
ನಮ್ಮ ತೆನೆ ಒಣಗಿಸುವ ಅಟ್ಟ ಮುಟ್ಟುತ್ತಿತ್ತು,
ಅವಳ ಅಳತೆ ಅಷ್ಟೇ.

ಪೈನ್ ಮರ. ಆಚೆ ಬೆಟ್ಟದಿಂದ ಮೂರು ದಿನ ಹೊತ್ತು ತಂದದ್ದು,
ಹೆಂಗಸರೂ, ಹಣೆಗೆ ಪಟ್ಟಿ ಬಿಗಿದು.

ಕ್ಯಾಪ್ಟನ್ ಬಂದದ್ದು ಭಾನುವಾರವಲ್ಲ.
ಕತೆಯಲ್ಲಾದರೆ ಭಾನುವಾರ ಬರುತ್ತಿದ್ದ.
ಬುಧವಾರ. ಒಲೆಯ ಮೇಲೆ ಜೋಳದ ಸಾಬುತಿ ಕುದಿಯುತ್ತಿತ್ತು.
ಕಾಗದ ಬರ್ಮೀಸಿನಲ್ಲಿ; ಓದಬಲ್ಲವರು ಇಬ್ಬರೇ,
ಮೇಷ್ಟ್ರು, ಮತ್ತೆ ಪಾದ್ರಿ ಹ್ರಾಂಗ್ ಸೊಯ್.
ಅನುಮತಿ ಪಡೆಯದ ಕಟ್ಟಡ, ಎಂದಿತ್ತು.
ಗೋಡೆಯಿಲ್ಲ, ಸೂರಿಲ್ಲ, ಬಾಗಿಲಿಲ್ಲ,
ಇದು ಯಾವ ಲೆಕ್ಕದ ಕಟ್ಟಡ ಸ್ವಾಮಿ, ಅಂದ ಪಾದ್ರಿ.
ಉತ್ತರ ಬಂದೂಕಿನ ಹಿಡಿಯಿಂದ ಬಂತು, ನೇರ ಬಾಯಿಗೆ.
ಅಂದಿನಿಂದ ಅವನ ಪ್ರಾರ್ಥನೆಯ ನಡುನಡುವೆ
ಮುರಿದ ಹಲ್ಲಿನ ಸಂದಿಯಿಂದ ಸಿಳ್ಳೆ.
ಮಕ್ಕಳು ನಾವು ನಗುತ್ತಿದ್ದೆವು.
ನಕ್ಕದ್ದು ನಿಜ.

ಏಣಿ ಹಿಡಿದವನು ಒಬ್ಬ ಹುಡುಗ ಸಿಪಾಯಿ,
ಮೀಸೆ ಇನ್ನೂ ಬರಬೇಕು.
ಅಪ್ಪ ಅಡ್ಡತೊಲೆಗೆ ಕೈ ಚಾಚಿದಾಗ
ಜೋಪಾನ ಮಾವ, ಅಂದನಂತೆ ತನ್ನ ಭಾಷೆಯಲ್ಲಿ.
ಈ ಎರಡು ಶಬ್ದಗಳನ್ನು ಎಲ್ಲಿಡಬೇಕೋ
ನನಗೆ ಈವರೆಗೂ ಜಾಗ ಸಿಕ್ಕಿಲ್ಲ.

ಬಿತ್ತು. ಸದ್ದು ಅಂಥದ್ದೇನೂ ಆಗಲಿಲ್ಲ.
ಅದೇ ತೊಲೆ ಹೊತ್ತು ನಡೆಯಿರಿ ಅಂದರು,
ಮನೆಗೊಂದು ಆಳು, ಬುತ್ತಿ ಅವರವರದೇ,
ಶಿಬಿರದ ಪಕ್ಕ ಏಳುತ್ತಿದ್ದ ಹೊಸ ಪಗೋಡದ ಕೆಲಸಕ್ಕೆ.
ಬುದ್ಧ ಇದನ್ನು ಬೇಡಿರಲಾರ, ಅನ್ನುತ್ತಾಳೆ ಅವ್ವ,
ಪಾಪ, ಅವನನ್ನೂ ಯಾರು ಕೇಳಿದ್ದರು?

ಆ ರಾತ್ರಿ ಅಪ್ಪ ಅರೆಯುವ ಕಲ್ಲಿನ ಮೇಲೆ
ಸೊಟ್ಟಾದ ಮೊಳೆಗಳನ್ನು ಒಂದೊಂದಾಗಿ ನೇರ ಮಾಡಿದ.
ಟಣ್. ಟಣ್. ನಾಯಿ ಎರಡು ಸಲ ಎದ್ದು ಬಂದು ನೋಡಿತು.
ಎಣಿಸಿದ. ನಲವತ್ತೊಂದು.
ಮತ್ತೆ ಎಣಿಸಿದ.
ಹೊಡೆದದ್ದು ನಲವತ್ತೆರಡು, ಅವನಿಗೆ ಚೆನ್ನಾಗಿ ನೆನಪಿತ್ತು.
ಒಂದು ಎಲ್ಲೋ ಬಿದ್ದುಹೋಯಿತು, ಹುಡುಕಬೇಕು, ಅಂದ.
ಬೆಳಗ್ಗೆ ಹೊರೆಯಾಳುಗಳ ಸಾಲಿನಲ್ಲಿ ಇಳಿದು ಹೋದ.
ಆಶೀರ್ವಾದವಿಲ್ಲ, ವಚನವಿಲ್ಲ,
ನಮಗೆ ಅವನು ಬಿಟ್ಟ ಕೊನೆಯ ಮಾತು ಅದು: ಹುಡುಕಬೇಕು.

ತಿಯಾವು ದಾಟಿದ ರಾತ್ರಿ ಅವ್ವ ಮೊಳೆಗಳನ್ನು
ಉಪ್ಪಿನ ಡಬ್ಬಿಯೊಳಗೆ ಹುದುಗಿಸಿದ್ದಳು.
ತುಕ್ಕು ತಿನ್ನುತ್ತದೆಂದು ತಿಳಿಯದವಳೇನಲ್ಲ,
ಮುಚ್ಚಳವಿದ್ದ ಡಬ್ಬಿ ಅದೊಂದೇ.
ನೀರು ಸೊಂಟದವರೆಗೆ. ನನ್ನ ಒಂದು ಚಪ್ಪಲಿ ಬರ್ಮಾದಲ್ಲಿ ಉಳಿಯಿತು.

ಮೊಳೆ ಮೊಳೆಯುವುದಿಲ್ಲ.
ಈಚೆ ದಡದಲ್ಲಿ ಅವು ಮಂಚ ಕಟ್ಟಿದವು,
ಕೋಳಿಗೂಡು ಕಟ್ಟಿದವು,
ಸತ್ತ ಮಗುವೊಂದರ ಪೆಟ್ಟಿಗೆಗೆ ನಾಲ್ಕು ಹೋದವು,
ಅಣ್ಣ ಕುಡಿದ ದಿನ ಆರು ಮಾರಿದ.
ನನ್ನ ಬಾಡಿಗೆ ಕೋಣೆಯಲ್ಲಿ ಒಂದಿದೆ, ಬಾಗಿಲ ಹಿಂದೆ,
ಮಾಲೀಕಳ ಕಣ್ಣು ತಪ್ಪಿಸಿ ಹೊಡೆದದ್ದು.
ಒದ್ದೆ ಕೊಡೆ ತೂಗುಹಾಕುತ್ತೇನೆ. ಬೇರೇನೂ ಇಲ್ಲ.

ನನಗೆ ಚಿಂತೆ ಆ ನಲವತ್ತೆರಡನೆಯದರದು.
ಊರು ಸುಟ್ಟು ಖಾಲಿಯಾಗಿದೆ ಅನ್ನುತ್ತಾರೆ ಬಂದವರು.
ಆದರೂ ಬೆಟ್ಟದ ನೆತ್ತಿಯ ಹುಲ್ಲಿನಲ್ಲಿ
ಅದು ಮೊನೆ ಮೇಲೆ ಮಾಡಿ ಬಿದ್ದಿದ್ದರೆ?
ಯಾರಾದರೂ ಹಿಂತಿರುಗಬಹುದು.
ಮಕ್ಕಳು ಬರಬಹುದು, ಬರಿಗಾಲಲ್ಲಿ.