ಹೋಳು

ಬುರೈಮಿಯ ತೋಟದ ಹಿಂದೆ, ಗೋಡೆಗೆ ತಾಗಿ
ಮೂರು ವರ್ಷದ ಖರ್ಜೂರದ ಗರಿ.
ಸುಡಬಾರದೆಂದು ಬಲದಿಯಾದ ಚೀಟಿ ಬಂದಿದೆ.
"ಮೆಷಿನ್ ನೀನೇ ಆರಿಸು" ಅಂದರು ಅರಬಾಬ್ ಖಲ್ಫಾನ್.

ಮೊದಲನೆಯದು ಕೆಂಪು ಬಣ್ಣ, ದೊಡ್ಡ ಬಾಯಿ.
ಮಾರುವವನು ಕೊಟ್ಟೆಯಲ್ಲಿ ನಮೂನೆ ತಂದಿದ್ದ,
ಎಲ್ಲ ಚೂರೂ ಒಂದೇ ಅಚ್ಚು.
ಮೂಸಿದೆ. ಪೈನ್ ಮರದ ವಾಸನೆ.
"ನಮ್ಮ ಗರಿ ಹಾಕಪ್ಪ."
ಹಾಕಿದ. ನಾಲ್ಕೇ ನಿಮಿಷ.
ನಾರು ಶಾಫ್ಟಿಗೆ ಸುತ್ತಿ, ಬಾಚಣಿಗೆಯ ಕೂದಲಾಗಿ
ಮೆಷಿನ್ ಕೆಮ್ಮಿ ನಿಂತಿತು.
ಮೊಜಮ್ಮೆಲ್ ಚಾಕು ಹಿಡಿದು
ಅರ್ಧ ಗಂಟೆ ಜಡೆ ಬಿಡಿಸಿದ.

ಎರಡನೆಯದು ನಿಲ್ಲಲಿಲ್ಲ, ನಿಜ.
ಆದರೆ ಉಗುಳಿದ್ದು? ಒಂದಿಷ್ಟು ಹುಡಿ, ಗೇಣುದ್ದದ ಸಿಬಿರು,
ಮುಳ್ಳು ಮುರಿಯದ ಇಡೀ ಬುಡ.
"ಚೂರಾದರೆ ಸಾಕಲ್ಲ" ಎಂದ ಸೇಲ್ಸಿನ ಸಾಲಿ,
"ಮಣ್ಣಿಗೆ ಹೋಗುವುದಕ್ಕೆ ಅಳತೆ ಯಾಕೆ?"

ಯಾಕೆಂದು ಹೇಗೆ ಹೇಳಲಿ ಅವನಿಗೆ, ನನ್ನ ಹರುಕು ಹಿಂದಿಯಲ್ಲಿ?
ಕೋಟದ ಮದುವೆ ಅಡುಗೆಗಳಲ್ಲಿ
ಎರಡು ವರ್ಷ ಈಳಿಗೆಮಣೆ ಏರಿದವನು ನಾನು.
ಆರುನೂರು ಎಲೆಗೆ ಕುಂಬಳಕಾಯಿ;
ವಾಮನ ಐತಾಳರು ಸೌಟಿನ ಹಿಡಿಯಿಂದ ಬುಟ್ಟಿ ಕೆದಕಿ,
"ಹೋಳ್ ಒಂದೇ ನಮೂನಿ ಇರ್ಕ್, ಮಾಣಿ.
ಇಲ್ದಿರೆ ಒಂದ್ ಕರಗಿ ಹೋತ್ತ್,
ಇನ್ನೊಂದ್ ಹಸಿ ಉಳಿತ್ತ್."

ಗೊಬ್ಬರದ ರಾಶಿಯೂ ಹಂಡೆಯೇ ತಾನೆ,
ಬೆಂಕಿಯಿಲ್ಲದೆ ಅರವತ್ತು ಡಿಗ್ರಿ ಕುದಿ.

ಮೂರನೆಯದು ಸಣ್ಣದು. ನಿಧಾನ.
ಹೊಟ್ಟೆಯೊಳಗೊಂದು ಜರಡಿ,
ಅಳತೆಗೆ ಬಾರದ್ದನ್ನು ಹೊರಗೆ ಬಿಡದೆ
ಮತ್ತೆ ಮತ್ತೆ ಅಲಗಿಗೆ ಒಪ್ಪಿಸುವ ಹಟ.
ಒಂದು ಹಿಡಿ ಚೂರು ಪಿಕಪ್ಪಿನ ಬಾನೆಟ್ಟಿನ ಮೇಲೆ ಹರಡಿದೆ,
ಬೆರಳು ಚುರ್ ಎಂದಿತು.
ಬೆಂಕಿಪೆಟ್ಟಿಗೆ ಪಕ್ಕಕ್ಕಿಟ್ಟು ಅಳೆದೆ:
ನೂರಕ್ಕೆ ತೊಂಬತ್ತು, ಪೆಟ್ಟಿಗೆಯ ಸರೀ ಅರ್ಧ.
ಉಳಿದ ಹತ್ತಕ್ಕೆ ಐತಾಳರು ಬೈಯುತ್ತಿದ್ದರು.

ಖಲ್ಫಾನ್ ಕೇಳಿದ್ದು ಬೆಲೆ, ಡೀಸೆಲ್, ಗ್ಯಾರಂಟಿ.
ಹೇಳಿದೆ. ಅಲಗು ಎರಡು ಜೊತೆ ಹೆಚ್ಚಿಗೆ ಬೇಕು,
ಮೊಂಡಾದ ದಿನ ಅಳತೆ ತಪ್ಪುತ್ತದೆ, ಅಂತಲೂ.
ಹೇಳದೆ ಉಳಿದದ್ದು,
ಗರಿ ಕೊಟ್ಟವನು ಮೊಜಮ್ಮೆಲ್ ಎಂಬುದು;
ಬುಡ ಮೊದಲು, ತುದಿ ಆಮೇಲೆ, ಅವಸರವಿಲ್ಲದೆ,
ಮಗುವಿಗೆ ತುತ್ತಿಟ್ಟ ಹಾಗೆ.
ಕೊಟೇಶನ್ನಿನಲ್ಲಿ ಆ ಕೈಗೊಂದು ಸಾಲಿಲ್ಲ.
ಹೇಳಬಹುದಿತ್ತು. ಖಲ್ಫಾನ್ ಒಳ್ಳೆಯವರೇ.

ರಾತ್ರಿ ರೂಮಿನಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ.
ಮೊಜಮ್ಮೆಲ್ ಬಂದು ಕೂತ.
ಒಂದು ಹೋಳು ಎತ್ತಿ
ಬೆಂಕಿಪೆಟ್ಟಿಗೆಯ ಪಕ್ಕ ಇಟ್ಟು
ಒಂದು ಕಣ್ಣು ಮುಚ್ಚಿ ನೋಡಿದ.